ಟನ್ನಿನಿಂದ ಮೈಕ್ರೋಗ್ರಾಂವರೆಗೆ

ಮೆಟ್ರಿಕ್ ತೂಕಗಳಲ್ಲಿ ಒಂದು ಮಾನದಿಂದ ಇನ್ನೊಂದಕ್ಕೆ ಹೋಗಲು ದಶಮಾಂಶ ಬಿಂದುವನ್ನು ಸರಿಸಿದರೆ ಸಾಕು. ಕಿಲೋಗ್ರಾಂ, ಹೆಕ್ಟೋಗ್ರಾಂ, ಡೆಕಾಗ್ರಾಂ, ಗ್ರಾಂ, ಡೆಸಿಗ್ರಾಂ, ಸೆಂಟಿಗ್ರಾಂ, ಮಿಲಿಗ್ರಾಂ: ಈ ಸಾಲಿನಲ್ಲಿ ಪ್ರತಿಯೊಂದೂ ತನ್ನ ಮುಂದಿನದರ ಹತ್ತರಷ್ಟು. ಗ್ರಾಂ ಬಿಟ್ಟರೆ ನಡುವಿನ ಹೆಸರುಗಳು ಶಾಲೆಯ ಪುಸ್ತಕದಾಚೆಗೆ ಹೆಚ್ಚು ಬಳಕೆಯಲ್ಲಿಲ್ಲ. ದಿನನಿತ್ಯಕ್ಕೆ ಬೇಕಾಗುವುದು ಕೆಲವೇ ಮಾನಗಳು: 1 ಟನ್ ಅಂದರೆ 10 ಕ್ವಿಂಟಲ್, 1 ಕ್ವಿಂಟಲ್ ಅಂದರೆ 100 ಕೆ.ಜಿ., 1 ಕೆ.ಜಿ. ಅಂದರೆ 1000 ಗ್ರಾಂ, 1 ಗ್ರಾಂ ಅಂದರೆ 1000 ಮಿಲಿಗ್ರಾಂ.

ಈ ಸರಳತೆಯ ಬೆಲೆ ತಿಳಿಯಬೇಕಾದರೆ ಹಳೆಯ ಲೆಕ್ಕವನ್ನೊಮ್ಮೆ ಮಾಡಿ ನೋಡಬೇಕು. 80 ತೊಲಕ್ಕೆ ಒಂದು ಸೇರು, 40 ಸೇರಿಗೆ ಒಂದು ಮಣ. 3 ಮಣ 17 ಸೇರು 30 ತೊಲ ಒಟ್ಟು ಎಷ್ಟು ತೊಲ? ಮೂರನ್ನು ನಲವತ್ತರಿಂದ ಗುಣಿಸಿ, ಹದಿನೇಳು ಕೂಡಿಸಿ, ಬಂದದ್ದನ್ನು ಎಂಬತ್ತರಿಂದ ಗುಣಿಸಿ, ಮೂವತ್ತು ಸೇರಿಸಿದರೆ 10,990. ಅದೇ ತೂಕ ಇಂದು ಸುಮಾರು 128 ಕೆ.ಜಿ. 185 ಗ್ರಾಂ. ಅದನ್ನು ಗ್ರಾಂನಲ್ಲಿ ಹೇಳಲು ಅಂಕಿಗಳನ್ನು ಒಟ್ಟಿಗೆ ಬರೆದರಾಯಿತು: 1,28,185. ಸಾಲದ್ದಕ್ಕೆ ಮಣದ ತೂಕ ಊರಿಂದೂರಿಗೆ ಬೇರೆಯಾಗುತ್ತಿತ್ತು. 1956ರ ತೂಕ ಮತ್ತು ಅಳತೆಗಳ ಕಾಯ್ದೆಯ ನಂತರ, 1958ರಿಂದ ಹಂತಹಂತವಾಗಿ ದೇಶದ ಪೇಟೆಗಳಿಗೆ ಕಿಲೋ ಬಂದದ್ದು ಕೊಳ್ಳುವವರಿಗೂ ಮಾರುವವರಿಗೂ ದೊಡ್ಡ ಉಪಕಾರ.

ಆದರೂ ಒಂದು ಕಡೆ ಕಾಲು ಜಾರುತ್ತದೆ. 2 ಕೆ.ಜಿ. 50 ಗ್ರಾಂ ಎಂದರೆ 250 ಗ್ರಾಂ ಅಲ್ಲ, 2.5 ಕೆ.ಜಿ.ಯೂ ಅಲ್ಲ. ಅದು 2050 ಗ್ರಾಂ, ಅಂದರೆ 2.050 ಕೆ.ಜಿ. ಕಿಲೋದ ಬಲಕ್ಕೆ ಗ್ರಾಂಗೆ ಯಾವಾಗಲೂ ಮೂರು ಸ್ಥಾನ ಮೀಸಲು; ಅಂಕಿ ಸಾಲದಿದ್ದರೆ ಅದರ ಎಡಕ್ಕೆ ಸೊನ್ನೆ ತುಂಬಬೇಕು.

ಬಿಂದು ಎತ್ತ ಸರಿಯಬೇಕು ಎಂಬ ಗೊಂದಲಕ್ಕೆ ಪರಿಹಾರ ಸುಲಭ. ಮಾನ ಚಿಕ್ಕದಾದರೆ ಸಂಖ್ಯೆ ದೊಡ್ಡದಾಗಬೇಕು, ಮಾನ ದೊಡ್ಡದಾದರೆ ಸಂಖ್ಯೆ ಚಿಕ್ಕದಾಗಬೇಕು. ಲೆಕ್ಕಕ್ಕೆ ಕೈಹಾಕುವ ಮೊದಲೇ ಉತ್ತರ ಏರುತ್ತದೋ ಇಳಿಯುತ್ತದೋ ಎಂದು ಅಂದಾಜಿಸಿಕೊಂಡರೆ ತಪ್ಪು ಕೂಡಲೇ ಕಣ್ಣಿಗೆ ಬೀಳುತ್ತದೆ.

ದರದ ವಿಷಯದಲ್ಲಿ ಈ ನಿಯಮ ತಿರುಗಿಬೀಳುತ್ತದೆ. ಕೇಂದ್ರ ಸರ್ಕಾರ ಕಬ್ಬಿನ ನ್ಯಾಯಯುತ ಮತ್ತು ಲಾಭದಾಯಕ ಬೆಲೆಯನ್ನು ಕ್ವಿಂಟಲ್ ಲೆಕ್ಕದಲ್ಲಿ ಪ್ರಕಟಿಸುತ್ತದೆ. ಮಂಡ್ಯ, ಬೆಳಗಾವಿಯ ರೈತರು ಮಾತಾಡುವುದು ಟನ್ ಲೆಕ್ಕದಲ್ಲಿ. 2024-25ರ ಹಂಗಾಮಿಗೆ, ಶೇ 10.25 ಸಕ್ಕರೆ ಇಳುವರಿಯ ಕಬ್ಬಿಗೆ, ಕ್ವಿಂಟಲ್‌ಗೆ 340 ರೂಪಾಯಿ ನಿಗದಿಯಾಗಿತ್ತು. ಅಂದರೆ ಟನ್ನಿಗೆ 3,400 ರೂಪಾಯಿ. ಮಾನ ದೊಡ್ಡದಾದಾಗ ತೂಕದ ಸಂಖ್ಯೆ ಇಳಿದು, ದರದ ಸಂಖ್ಯೆ ಏರಿತು. 25 ಟನ್ ಕಬ್ಬನ್ನು 3,400ರಿಂದ ಗುಣಿಸಿದರೂ, 250 ಕ್ವಿಂಟಲನ್ನು 340ರಿಂದ ಗುಣಿಸಿದರೂ ಬರುವುದು 85,000 ರೂಪಾಯಿಯೇ. ಎರಡೂ ಕಡೆಯಿಂದ ಮಾಡಿದ ಲೆಕ್ಕ ತಾಳೆಯಾಗದಿದ್ದರೆ ಬಿಂದು ಎಲ್ಲೋ ತಪ್ಪಿದೆ ಎಂದರ್ಥ.

ಮಿಲಿಗ್ರಾಂನಿಂದ ಕೆಳಗಿಳಿದರೆ ಮುಂದಿನ ಮೆಟ್ಟಿಲು ಹತ್ತರದ್ದಲ್ಲ, ಸಾವಿರದ್ದು: 1 ಮಿಲಿಗ್ರಾಂ ಅಂದರೆ 1000 ಮೈಕ್ರೋಗ್ರಾಂ. ಇಲ್ಲಿ ಎಚ್ಚರ ತಪ್ಪುವಂತಿಲ್ಲ. ಥೈರಾಯ್ಡ್ ಕೊರತೆಗೆ ಕೊಡುವ ಥೈರಾಕ್ಸಿನ್ ಮಾತ್ರೆಗಳ ಪ್ರಮಾಣ ಮೈಕ್ರೋಗ್ರಾಂನಲ್ಲಿರುತ್ತದೆ. 50 ಮೈಕ್ರೋಗ್ರಾಂ ಎಂದರೆ 0.05 ಮಿಲಿಗ್ರಾಂ. ಮೈಕ್ರೋವನ್ನು ಮಿಲಿ ಎಂದು ಓದಿಕೊಂಡರೆ ಔಷಧ ಸಾವಿರ ಪಟ್ಟಾಗುತ್ತದೆ. ಮೈಕ್ರೋವನ್ನು ಸೂಚಿಸುವ ಗ್ರೀಕ್ ಅಕ್ಷರ ಕೈಬರಹದಲ್ಲಿ ಮಿಲಿಯಂತೆ ಕಾಣಬಹುದಾದ್ದರಿಂದ ಹೆಸರನ್ನು ಪೂರ್ತಿ ಬರೆಯುವುದೇ ಕ್ಷೇಮ. ಬಿಂದುವಿನ ಎಡಕ್ಕೆ ಸೊನ್ನೆ ಬಿಡಬಾರದು, ಏಕೆಂದರೆ .5 ಎಂಬುದು 5 ಆಗಿ ಕಂಡೀತು. ಔಷಧದ ಚೀಟಿಯಲ್ಲಿ 5.0 ಎಂದೂ ಬರೆಯಬಾರದು. ಅದು 50 ಆದೀತು.

ಅಡುಗೆಮನೆಯ ಉಪ್ಪಿನ ಪೊಟ್ಟಣದಲ್ಲಿ ಈ ಮಾನಗಳೆಲ್ಲ ಒಟ್ಟಿಗೆ ಸಿಗುತ್ತವೆ. ಅಯೋಡಿನ್‌ಯುಕ್ತ ಉಪ್ಪು ಮನೆಗೆ ಬರುವಾಗ ಅದರಲ್ಲಿ ಹತ್ತು ಲಕ್ಷಕ್ಕೆ ಕನಿಷ್ಠ 15 ಭಾಗ ಅಯೋಡಿನ್ ಇರಬೇಕು. ಒಂದು ಕಿಲೋದಲ್ಲಿ ಹತ್ತು ಲಕ್ಷ ಮಿಲಿಗ್ರಾಂ ಇರುವುದರಿಂದ, ಕಿಲೋಗೆ 15 ಮಿಲಿಗ್ರಾಂ ಎಂದಾಯಿತು. ಕಿಲೋವನ್ನು ಗ್ರಾಂಗೂ ಮಿಲಿಗ್ರಾಂ ಅನ್ನು ಮೈಕ್ರೋಗ್ರಾಂಗೂ ಇಳಿಸಿದರೆ, ಎರಡೂ ಸಾವಿರದ ಮೆಟ್ಟಿಲಾದ್ದರಿಂದ, ಸಂಖ್ಯೆ ಬದಲಾಗುವುದಿಲ್ಲ: ಪ್ರತಿ ಗ್ರಾಂ ಉಪ್ಪಿನಲ್ಲಿ 15 ಮೈಕ್ರೋಗ್ರಾಂ. ವಯಸ್ಕರಿಗೆ ದಿನಕ್ಕೆ ಬೇಕಾದ ಅಯೋಡಿನ್ 150 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿಯಂತೆ ದಿನಕ್ಕೆ 5 ಗ್ರಾಂ ಉಪ್ಪು ತಿಂದರೆ, ಈ ಕನಿಷ್ಠ ಮಟ್ಟದ ಉಪ್ಪಿನಿಂದ ಸಿಗುವುದು 75 ಮೈಕ್ರೋಗ್ರಾಂ. ಉಳಿದರ್ಧ ಹಾಲು, ಮೀನು, ಮೊಟ್ಟೆಯಂಥ ಆಹಾರದಿಂದ ಬರಬೇಕು.