ಮಾಗಡಿ ಕೆರೆಯ ಹಂಸಗಳು

ಕಾವ್ಯಗಳಲ್ಲಿ ಹಂಸವನ್ನು ಕಂಡು ತಣಿದವರಾದ ನಮ್ಮಲ್ಲಿ ಎಷ್ಟು ಮಂದಿ ಅದನ್ನು ನೀರಿನ ಮೇಲೆ ಕಂಡಿದ್ದೇವೆ? ಸಂಸ್ಕೃತ ಕವಿಗಳ ಹಂಸವೆಂದರೆ ಪಟ್ಟೆತಲೆಯ ಹೆಬ್ಬಾತೇ ಇರಬೇಕೆಂದು ಕೆಲವು ವಿದ್ವಾಂಸರು ಊಹಿಸಿದ್ದಾರೆ. ಅದನ್ನು ನೋಡಲು ಮಾನಸ ಸರೋವರದವರೆಗೆ ಹೋಗಬೇಕಾಗಿಲ್ಲ. ಪುಷ್ಯಮಾಸದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಯ ಏರಿಯ ಮೇಲೆ ನಿಂತರೆ ಸಾಕು.

ನಾನು ಅಲ್ಲಿಗೆ ಹೋದದ್ದು ಬೆಳಕು ಹರಿಯುವ ಮುನ್ನ. ಮೊದಲು ಕೇಳಿಸಿದುದು ದನಿ: ಒಂದರ ಮೇಲೊಂದು ಬೀಳುವ, ಮೂಗಿನಿಂದ ಹೊರಟಂಥ ನೂರಾರು ಕೂಗುಗಳು. ಬಳಿಕ ಹೊಲಗಳ ಕಡೆಯಿಂದ ಸಾಲುಸಾಲಾಗಿ ಬಂದು ನೀರಿಗಿಳಿದುವು. ಬೂದು ಮೈ, ಬಿಳಿಯ ತಲೆ, ತಲೆಯ ಹಿಂಬದಿಗೆ ಎರಡು ಕಪ್ಪು ಪಟ್ಟೆ, ಹಳದಿ ಕಾಲು. ಇರುಳು ಮೇದು ಹಗಲು ಕೆರೆಯಲ್ಲಿ ವಿಶ್ರಮಿಸುವುದು ಇವುಗಳ ದಿನಚರಿ. ಬಿಸಿಲೇರಿದಂತೆ ಹಲವು ಕೊರಳನ್ನು ಬೆನ್ನಿಗೆ ಹೊರಳಿಸಿ ನಿದ್ರಿಸಿದುವು. ಅಂಚಿನಲ್ಲಿ, ಕವಿಗಳು ಇರುಳಿನಲ್ಲಿ ಅಗಲಿಸಿದ ಚಕ್ರವಾಕಗಳ ಜೋಡಿಯೊಂದು ಹಗಲನ್ನು ಜೊತೆಯಾಗಿಯೇ ಕಳೆಯುತ್ತಿತ್ತು.

ಹೆಬ್ಬಾತುಗಳು ಮರಿಮಾಡುವುದು ಮಂಗೋಲಿಯ, ಟಿಬೆಟ್ ಮೊದಲಾದ ಎತ್ತರದ ನಾಡುಗಳಲ್ಲಿ. ಅಲ್ಲಿನ ನೀರು ಹೆಪ್ಪುಗಟ್ಟುವ ಕಾಲಕ್ಕೆ ಹಿಮಾಲಯವನ್ನು ದಾಟಿ ಬರುತ್ತವೆ. 7,000 ಮೀಟರಿಗೂ ಮಿಕ್ಕಿ ಏರಿದ್ದು ದಾಖಲಾಗಿದೆ. ಆ ತೆಳುಗಾಳಿಯಲ್ಲಿಯೂ ಆಮ್ಲಜನಕವನ್ನು ಬಿಗಿಯಾಗಿ ಹಿಡಿದುಕೊಳ್ಳುವ ಗುಣ ಇವುಗಳ ರಕ್ತದ ಹಿಮೋಗ್ಲೋಬಿನ್‌ಗಿದೆ.

ಕಾಳಿದಾಸನ ‘ಮೇಘದೂತ’ದಲ್ಲಿ ಹಂಸಗಳು ಮುಂಗಾರಿನ ಮೋಡದೊಡನೆ ಹೊರಟು ಕ್ರೌಂಚಪರ್ವತದ ಬಿರುಕಿನಲ್ಲಿ ನುಸುಳುತ್ತವೆ. ಮಾಗಡಿಯ ಹಕ್ಕಿಗಳು ಮಳೆಗೆ ಕಾಯುವುದಿಲ್ಲ. ಮಾರ್ಚಿನ ವೇಳೆಗೆ ಮರಳುತ್ತವೆ. ಆದರೆ ಬಿರುಕಿನ ಮಾತು ಬರಿಯ ಕಲ್ಪನೆಯೆನ್ನುವಂತಿಲ್ಲ. ಹಕ್ಕಿಗಳ ಮೈಯಲ್ಲಿ ಪುಟ್ಟ ಉಪಕರಣಗಳನ್ನಿರಿಸಿ ನಡೆಸಿದ, 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೇಳುವಂತೆ, ಇವು ಸದಾ ಮೇಲೆಯೇ ಹಾರದೆ ನೆಲದ ಏರಿಳಿತಗಳನ್ನು ಅನುಸರಿಸುತ್ತವೆ. ಹಾಗೆ ಇಳಿದು ಏರುವುದರಲ್ಲಿಯೇ ಶ್ರಮ ಕಡಿಮೆ.

ಮಾಗಡಿ ಕೆರೆ ಇಂದು ಸಂರಕ್ಷಿತ ತಾಣ. 2024ರಲ್ಲಿ ರಾಮ್ಸರ್ ಒಪ್ಪಂದದ ಅಂತರರಾಷ್ಟ್ರೀಯ ಪಟ್ಟಿಗೂ ಸೇರಿತು. ಆದರೆ ಪಟ್ಟಿ ಕಾಯುವುದು ನೀರನ್ನು. ಹಕ್ಕಿಯ ಊಟವಿರುವುದು ಏರಿಯಾಚೆಯ ಎರೆಹೊಲಗಳಲ್ಲಿ, ಹಿಂಗಾರಿನ ಕಡಲೆಯ ಎಳೆಚಿಗುರಿನಲ್ಲಿ. ಅಂದು ಸಂಜೆ ಹಿಂಡುಗಳು ಮೇಲೆದ್ದು ಹೋದ ದಿಕ್ಕಿನಲ್ಲಿ ರೈತರೊಬ್ಬರನ್ನು ಕಂಡೆ. ಬೆಳೆ ಹಾಳಾಗುವುದಿಲ್ಲವೇ ಎಂದು ಕೇಳಿದಾಗ ಅವರೆಂದರು: “ಹಾಳಾಗತೈತ್ರೀ. ಆದ್ರ ಬೀಗರು ಬಂದಾಗ ಖರ್ಚು ಲೆಕ್ಕ ಹಾಕ್ತಾರೇನ್ರೀ?”

ಲೆಕ್ಕ ಹಾಕಬೇಕಾದವರು ನಾವು. ದುರ್ಬೀನು ಹಿಡಿದು ಒಂದು ದಿನ ಬಂದು ಹೋಗುವವರ ಸಂತೋಷಕ್ಕೆ ಬೆಲೆ ತೆರುತ್ತಿರುವುದು ಆ ಹೊಲ. ಅದನ್ನು ಬೇಸಾಯಗಾರನೊಬ್ಬನ ಔದಾರ್ಯಕ್ಕೆ ಬಿಟ್ಟು ನಿಶ್ಚಿಂತರಾಗಿರುವುದು ನಮಗೆ ಶೋಭಿಸುವ ಮಾತಲ್ಲ.