ಗಲ್ಲಾದ ಹಿಂದೆ ಕಲಿತ ಪಾಠ

ತುಳುವಿನಲ್ಲಿ 'ಬ್ಯಾರ' ಅಂದರೆ ವ್ಯಾಪಾರ. ಬ್ಯಾರಿ ಎಂಬ ಹೆಸರು ಬಂದದ್ದೇ ಆ ಪದದಿಂದ ಎಂದು ನಮ್ಮ ಹಿರಿಯರು ಹೇಳುವುದುಂಟು. ಕರಾವಳಿಯಿಂದ ಘಟ್ಟ ಹತ್ತಿ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆ ಬಂದು ಅಂಗಡಿ, ಹೋಟೆಲ್ ಇಟ್ಟವರಿಗೆ ಊರೂ ಹೊಸದು, ಇಲ್ಲಿನ ಮಾತಿನ ಧಾಟಿಯೂ ಹೊಸದು. "ಬರ್ರಿ, ಕುಂತ್ಕಳ್ರಿ" ಎಂದು ಗಿರಾಕಿಯನ್ನು ಕರೆಯೋದನ್ನು ಅವರು ಗಲ್ಲಾದ ಹಿಂದೆ ನಿಂತೇ ಕಲಿತರು.

ಈಗ ನಮ್ಮ ಮಕ್ಕಳು ಚೆನ್ನಾಗಿ ಓದುತ್ತಿದ್ದಾರೆ, ಸಂತೋಷ. ಆದರೆ ಶಾಲೆ, ಟ್ಯೂಷನ್, ಮೊಬೈಲ್ ನಡುವೆ ಅಪರಿಚಿತರ ಜೊತೆ ಮಾತಾಡುವ ಅಭ್ಯಾಸ ತಪ್ಪಿದೆ. ಒಳ್ಳೆ ಅಂಕ ತೆಗೆದ ಹುಡುಗನೂ ಬ್ಯಾಂಕ್ ಕೌಂಟರಿನಲ್ಲಿ ಉಪ್ಪನ ಮುಖ ನೋಡುತ್ತಾನೆ. ನಾಳೆ ಇಂಟರ್‌ವ್ಯೂನಲ್ಲಿ ಉಪ್ಪ ಪಕ್ಕದಲ್ಲಿ ಇರೋದಿಲ್ಲ.

ಐಟಿಐಗಳಲ್ಲಿ ಯಾವ ಟ್ರೇಡ್ ತೆಗೆದುಕೊಂಡರೂ ಉದ್ಯೋಗ ಕೌಶಲ ಕಡ್ಡಾಯ ವಿಷಯ. ಎನ್‌ಎಸ್‌ಕ್ಯುಎಫ್ ಇರುವ ಸರ್ಕಾರಿ ಪ್ರೌಢಶಾಲೆಗಳಲ್ಲಿ 9ನೇ ತರಗತಿಯಿಂದಲೇ ವೃತ್ತಿ ವಿಷಯದ ಜೊತೆ ಸಂವಹನದ ಪಾಠವಿದೆ. ಆದರೆ ಪೀರಿಯಡ್ ಮುಗಿದರೆ ಪಾಠ ಮುಗಿಯಿತು. ನಡತೆ ಮನೆಯಲ್ಲೇ ರೂಢಿಯಾಗಬೇಕು.

ಬ್ಯಾಂಕ್, ಅಂಚೆ ಕಚೇರಿಯ ಕೆಲಸ ಮಕ್ಕಳಿಗೇ ಬಿಡಿ. ಫೋನ್ ಮಾಡಿದರೆ ಮೊದಲು ಹೆಸರು, ಆಮೇಲೆ ವಿಷಯ ಹೇಳಲಿ. ಹೇಳಿದ ಹೊತ್ತಿಗೆ ಹತ್ತು ನಿಮಿಷ ಮೊದಲೇ ತಲುಪಲಿ. ತಡವಾಗುವುದಾದರೆ ಮುಂಚೆಯೇ ತಿಳಿಸಲಿ.

ಜೊತೆಗೆ ಕೆಲಸ ಮಾಡುವವರ ಆಚಾರವೂ ಗೊತ್ತಿರಬೇಕು. ದಸರಾದಲ್ಲಿ ಬನ್ನಿ ಕೊಟ್ಟರೆ ಗೌರವದಿಂದ ತಗೊಳ್ಳಲಿ. ಶಿವರಾತ್ರಿ ಉಪವಾಸ ಇರುವ ಸಹೋದ್ಯೋಗಿಯ ಮುಂದೆ ಟಿಫಿನ್ ಬಿಚ್ಚುವ ಮುನ್ನ ಯೋಚಿಸಲಿ. ರಂಜಾನಿನಲ್ಲಿ ನಾವು ಬಯಸೋದೂ ಅದನ್ನೇ ಅಲ್ಲವೇ?

ನಮ್ಮ ಆಚಾರವನ್ನು ಹೇಳುವುದಕ್ಕೂ ಒಂದು ರೀತಿ ಇದೆ. ಜುಮಾ ನಮಾಜಿಗೆ ಹೇಳದೆ ಎದ್ದು ಹೋಗುವುದಕ್ಕಿಂತ, ಕೆಲಸಕ್ಕೆ ಸೇರುವಾಗಲೇ ವಿನಯದಿಂದ ಕೇಳಿಕೊಂಡು, ಆ ಹೊತ್ತಿನ ಕೆಲಸವನ್ನು ಆಮೇಲೆ ಮುಗಿಸಿಕೊಡುವುದು ಒಳ್ಳೆಯದು. ಕೈಕುಲುಕಲು ಇಷ್ಟವಿಲ್ಲದ ಮಗಳು ತಲೆ ತಗ್ಗಿಸಿ ನಿಲ್ಲಬೇಕಿಲ್ಲ. ಎದೆಯ ಮೇಲೆ ಕೈಯಿಟ್ಟು, ನಗುಮುಖದಿಂದ "ನಮಸ್ಕಾರ ಸರ್" ಅಂದರೆ ಸಾಕು. ಎದುರಿನವರಿಗೆ ಅವಮಾನವಾಗೋದಿಲ್ಲ, ಇವಳಿಗೂ ಮುಜುಗರವಿಲ್ಲ.

ರಜೆಯ ದಿನ ಮಗನನ್ನೂ ಮಗಳನ್ನೂ ಒಂದು ಗಂಟೆ ಅಂಗಡಿಯಲ್ಲಿ ನಿಮ್ಮ ಪಕ್ಕ ಕೂರಿಸಿಕೊಳ್ಳಿ. ಮಾತು ತಪ್ಪಿದರೆ ಗಿರಾಕಿಯ ಮುಂದೆ ಗದರಬೇಡಿ, ಅವರು ಹೋದ ಮೇಲೆ ತಿದ್ದಿ. ಮಕ್ಕಳು ಮೊದಲು ಕಲಿಯುವುದು ನಮ್ಮ ನಡತೆಯನ್ನೇ.