ಮನೆಯಲ್ಲೊಬ್ಬಳು ಪಿಎಚ್.ಡಿ. ಮಾಡುತ್ತಿದ್ದಾಳೆಯೇ?

"ಇನ್ನೂ ಎಷ್ಟು ವರ್ಷ ಓದ್ತಾಳ್ರೀ ನಿಮ್ಮ ಸೊಸೆ? ಎಂ.ಎ. ಆಯ್ತಲ್ಲ, ಸಾಲದೇ?"

ಬೆಳಗಿನ ಹೊತ್ತು ಹಾಲಿನ ಡೇರಿಯ ಮುಂದೆ ಕ್ಯಾನು ಹಿಡಿದು ನಿಂತಾಗ ಪಕ್ಕದವರು ಹೀಗೆ ಕೇಳಿದರೆ ನೀವು ಏನೆಂದು ಉತ್ತರ ಕೊಡುತ್ತೀರಿ? ಹಿಂದೆ ನಮ್ಮ ಕಡೆಯ ಊರುಗಳಲ್ಲಿ ಈ ಪ್ರಶ್ನೆ ಅಪರೂಪ. ಈಗ ಹಾಗಲ್ಲ. 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯವನ್ನು ಮೂರಾಗಿ ಹಂಚಿದಾಗ ಕೋಲಾರದ ಟಮಕದಲ್ಲೇ ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಬಂದಿತು. ವೇಮಗಲ್, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಹೆಣ್ಣುಮಕ್ಕಳು ಮನೆಯಿಂದಲೇ ಬಸ್ಸು ಹತ್ತಿ ಹೋಗಿ ಬರುವಷ್ಟು ಹತ್ತಿರಕ್ಕೆ ದೊಡ್ಡ ಓದು ಬಂದಂತಾಯಿತು. ಮಗಳೋ ಸೊಸೆಯೋ ಪಿಎಚ್.ಡಿ.ಗೆ ಸೇರಿದ್ದಾಳೆಂದರೆ ಈಗ ಯಾರೂ ಬೆರಗಾಗುವುದಿಲ್ಲ.

ಆದರೆ ಅವಳು ಮಾಡುತ್ತಿರುವುದೇನು ಎಂಬುದು ಮನೆಯಲ್ಲಿ ಯಾರಿಗೆ ಗೊತ್ತು? ಗೊತ್ತಿಲ್ಲದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ವೇಮಗಲ್ ಕಡೆಯ ಒಂದು ಮನೆಯ ಮಾತು ಹೇಳುತ್ತೇನೆ. ಹೆಸರು ಬೇಡ.

ಮೂರೇ ದಿನದಲ್ಲಿ ಪ್ರಕಟಣೆ!

ಆ ಮನೆಯ ಸೊಸೆ ಆರಿಸಿಕೊಂಡ ವಿಷಯ ರೇಷ್ಮೆ. ಹುಳು ನಾಲ್ಕನೇ ಜ್ವರದಿಂದ ಎದ್ದ ಮೇಲೆ ಅದರ ಹಸಿವು ನಿಮಗೆ ಗೊತ್ತೇ ಇದೆ. ಹಗಲಿರುಳೆನ್ನದೆ ಸೊಪ್ಪು ಹಾಕಬೇಕು. ಆ ಒಂದು ವಾರ ಮನೆಯ ಹೆಂಗಸು ಎಷ್ಟು ಗಂಟೆ ದುಡಿಯುತ್ತಾಳೆ, ಎಷ್ಟು ಗಂಟೆ ಮಲಗುತ್ತಾಳೆ? ಇದೇ ಅವಳ ಪ್ರಶ್ನೆ. ಎರಡು ಬೆಳೆಗಳ ಕಾಲ ಮನೆಮನೆಗೆ ಹೋಗಿ ಲೆಕ್ಕ ಬರೆದು ಒಂದು ಲೇಖನ ಸಿದ್ಧಮಾಡಿದಳು.

ಅಷ್ಟರಲ್ಲಿ ಮೊಬೈಲಿಗೆ ಒಂದು ಸಂದೇಶ ಬಂದಿತು. "ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಮೂರೇ ದಿನದಲ್ಲಿ ನಿಮ್ಮ ಲೇಖನ ಪ್ರಕಟ. 4,500 ರೂಪಾಯಿ ಕಳುಹಿಸಿ." ಅತ್ತೆ ಒಳ್ಳೆಯ ಮನಸ್ಸಿನಿಂದ ತಮ್ಮ ಚೀಟಿ ಹಣ ತೆಗೆದುಕೊಟ್ಟರು. ಲೇಖನ ಬಂದಿತು, ಬಣ್ಣದ ಸರ್ಟಿಫಿಕೇಟೂ ಬಂದಿತು. ಮನೆಯಲ್ಲಿ ಅಂದು ಪಾಯಸ.

ಆರು ತಿಂಗಳ ಮೇಲೆ, ಸಂಶೋಧನೆಯನ್ನು ಪರಿಶೀಲಿಸುವ ಸಮಿತಿಯ ಮುಂದೆ ಕುಳಿತಾಗ, "ಇದು ಪತ್ರಿಕೆಯೇ ಅಲ್ಲಮ್ಮಾ, ಲೆಕ್ಕಕ್ಕೆ ಬರುವುದಿಲ್ಲ" ಎಂದುಬಿಟ್ಟರು. ಬೇರೆ ಕಡೆಗಾದರೂ ಕಳುಹಿಸೋಣವೆಂದರೆ ಅದೂ ಸಾಧ್ಯವಿಲ್ಲ. ಒಮ್ಮೆ ಅಚ್ಚಾದ ಲೇಖನವನ್ನು ಹೊಸದೆಂದು ಹೇಳಿ ಇನ್ನೊಂದು ಪತ್ರಿಕೆಗೆ ಕೊಡುವಂತಿಲ್ಲ.

"ದುಡ್ಡು ಹೋದ್ರೆ ಹೋಗ್ಲಿ ಬಿಡಿ. ಅವಳು ಎರಡು ಬೆಳೆ ಬಿಸಿಲಲ್ಲಿ ತಿರುಗಿ ಬರೆದದ್ದು ಹೋಯ್ತಲ್ಲ" ಎಂದು ಆ ಅತ್ತೆ ನನ್ನ ಮುಂದೆ ಕಣ್ಣೊರೆಸಿಕೊಂಡರು.

ಈ ನಷ್ಟ ನಿಮ್ಮ ಮನೆಯಲ್ಲಿ ಆಗಬಾರದು. ಅದಕ್ಕಾಗಿಯೇ ಈ ಬರಹ.

ಇದು ಪರೀಕ್ಷೆಯ ಓದಲ್ಲ

ಬಿ.ಎ., ಎಂ.ಎ.ಗಳಲ್ಲಿ ಬೇರೆಯವರು ಕಂಡುಕೊಂಡದ್ದನ್ನು ಕಲಿತು ಒಪ್ಪಿಸುತ್ತೇವೆ. ಪಿಎಚ್.ಡಿ.ಯಲ್ಲಿ ಹಾಗಲ್ಲ. ಇದುವರೆಗೆ ಯಾರೂ ಸರಿಯಾಗಿ ಉತ್ತರ ಹೇಳದ ಒಂದು ಪ್ರಶ್ನೆಗೆ ತಾನೇ ಉತ್ತರ ಹುಡುಕಿ, ಆಧಾರ ಕೊಟ್ಟು ಸಾಧಿಸಬೇಕು. ಮೊದಲು ಕನಿಷ್ಠ 12 ಕ್ರೆಡಿಟ್‌ನ ಪಾಠ. ಸಂಶೋಧನೆಯ ಮತ್ತು ಪ್ರಕಟಣೆಯ ನೀತಿಯೂ ಅದರಲ್ಲಿ ಸೇರಿದೆ. ಆಮೇಲೆ ಸ್ವಂತ ಕೆಲಸ, ಆರು ತಿಂಗಳಿಗೊಮ್ಮೆ ಸಮಿತಿಯ ಮುಂದೆ ವರದಿ. ಕೊನೆಗೆ ಬರೆದ ಮಹಾಪ್ರಬಂಧವನ್ನು ಹೊರಗಿನ ಇಬ್ಬರಾದರೂ ಪರೀಕ್ಷಕರು ಓದಬೇಕು. ಎಲ್ಲರೆದುರು ಮೌಖಿಕ ಪರೀಕ್ಷೆಯೂ ಆಗಬೇಕು.

ಸ್ವಂತ ಕೆಲಸಕ್ಕೆ ಮೊದಲು ಹಿಂದಿನವರು ಏನು ಬರೆದಿದ್ದಾರೆಂದು ನೋಡಬೇಕಷ್ಟೆ. ಇದಕ್ಕೆ ಹಣ ಸುರಿಯಬೇಕಾಗಿಲ್ಲ. ದೇಶದ ವಿಶ್ವವಿದ್ಯಾಲಯಗಳ ಲಕ್ಷಗಟ್ಟಲೆ ಮಹಾಪ್ರಬಂಧಗಳು 'ಶೋಧಗಂಗಾ' ಎಂಬ ಭಂಡಾರದಲ್ಲಿ ಕಂಪ್ಯೂಟರಿನಲ್ಲಿ ಬಿಟ್ಟಿಯಾಗಿ ಸಿಗುತ್ತವೆ. 2025ರ ಜನವರಿಯಿಂದ 'ಒಂದು ದೇಶ ಒಂದು ಚಂದಾ' ಯೋಜನೆಯಲ್ಲಿ ಸುಮಾರು 6,300 ಸರ್ಕಾರಿ ವಿದ್ಯಾಸಂಸ್ಥೆಗಳಿಗೆ 13,000ದಷ್ಟು ಪತ್ರಿಕೆಗಳು ದೊರೆಯುತ್ತಿವೆ. ಅವಳು ಓದುವ ಸಂಸ್ಥೆ ಸರ್ಕಾರದ್ದಾದರೆ, "ನಮ್ಮ ಲೈಬ್ರರಿಯಲ್ಲಿ ಇದು ಇದೆಯೇ?" ಎಂದು ಮೊದಲ ತಿಂಗಳಲ್ಲೇ ಕೇಳಿ ತಿಳಿಯಲಿ.

'ರುಚಿಗೆ ತಕ್ಕಷ್ಟು' ಇಲ್ಲಿ ನಡೆಯದು

ಸಂಶೋಧನಾ ಲೇಖನ ಹೇಗಿರುತ್ತದೆ? ಇದೇ ಪತ್ರಿಕೆಯ ಅಡುಗೆ ಪುಟ ನೆನಪಿಸಿಕೊಳ್ಳಿ. ಹಿತಕಿದ ಬೇಳೆ ಸಾರಿನ ವಿಧಾನ ಬರೆದವರು ಅವರೆ ಎಷ್ಟು ಪಾವು, ಮಸಾಲೆಗೆ ಏನೇನು, ಎಷ್ಟು ಹೊತ್ತು ಕುದಿಯಬೇಕು ಎಂದು ಸರಿಯಾಗಿ ಬರೆದರೆ ಬಳ್ಳಾರಿಯ ಓದುಗರೂ ಅದೇ ಸಾರು ಮಾಡಬಲ್ಲರು. ಲೇಖನವೂ ಹಾಗೆಯೇ. ಪ್ರಶ್ನೆ ಏನು, ಹಿಂದಿನವರು ಏನು ಹೇಳಿದ್ದಾರೆ, ತಾನು ಹೇಗೆ ಮಾಡಿದೆ, ಏನು ಸಿಕ್ಕಿತು, ಅದರ ಅರ್ಥವೇನು ಎಂಬ ಐದು ಭಾಗಗಳು ಅದಕ್ಕೆ. ಇವುಗಳಲ್ಲಿ 'ಹೇಗೆ ಮಾಡಿದೆ' ಎಂಬುದು ಅಡುಗೆ ವಿಧಾನವಿದ್ದಂತೆ. ಎಷ್ಟು ಮನೆ, ಯಾವ ಊರು, ಯಾವ ತಿಂಗಳು, ಏನೇನು ಕೇಳಿದೆ ಎಂಬುದೆಲ್ಲ ಇರಬೇಕು. ಅಡುಗೆಯಲ್ಲಿ ನಾವು 'ಉಪ್ಪು ರುಚಿಗೆ ತಕ್ಕಷ್ಟು' ಎಂದು ಬರೆದು ಪಾರಾಗುತ್ತೇವೆ. ಅವಳು ಹಾಗೆ ಬರೆಯುವಂತಿಲ್ಲ!

ಲೇಖನ ಕಳುಹಿಸಿದ ಮೇಲೆ ಸಂಪಾದಕರು ಅದನ್ನು ಆ ವಿಷಯ ಬಲ್ಲ ಒಬ್ಬಿಬ್ಬರಿಗೆ ಓದಲು ಕೊಡುತ್ತಾರೆ. ಬಡಿಸುವ ಮೊದಲು ಕೈ ಪಳಗಿದವರಿಗೆ ಸಾರು ರುಚಿ ನೋಡಲು ಕೊಟ್ಟಂತೆ. ಅವರು "ಇಲ್ಲಿ ಆಧಾರ ಸಾಲದು, ಅಲ್ಲಿ ಲೆಕ್ಕ ತಪ್ಪಿದೆ" ಎಂದು ತಿದ್ದಲು ಹೇಳುತ್ತಾರೆ. ಇದಕ್ಕೆ ತಿಂಗಳುಗಳೇ ಹಿಡಿಯುತ್ತವೆ, ಒಮ್ಮೊಮ್ಮೆ ವರ್ಷವೂ ಆದೀತು. ಬೆಂಗಳೂರಿನಿಂದ 1932ರಿಂದ ಹೊರಡುತ್ತಿರುವ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲೂ ಬಲ್ಲವರ ಪರಿಶೀಲನೆ ಕಳೆದೇ ಲೇಖನ ಅಚ್ಚಾಗಬೇಕು. ಆದುದರಿಂದ ಸೊಸೆಯ ಲೇಖನ ಹಿಂದಿರುಗಿ ಬಂದರೆ "ಫೇಲಾದಳು" ಎಂದು ತಿಳಿಯಬೇಡಿ. ಹೇಳಿದ್ದನ್ನು ಒಂದೊಂದಾಗಿ ತಿದ್ದಿ, ಒಪ್ಪದ ಕಡೆ ಏಕೆ ಒಪ್ಪಲಿಲ್ಲವೆಂದು ಮರ್ಯಾದೆಯಿಂದ ಬರೆದು ಮತ್ತೆ ಕಳುಹಿಸುವುದೇ ಕ್ರಮ.

ಮೋಸದ ಪತ್ರಿಕೆಯನ್ನು ಗುರುತಿಸುವುದು ಹೇಗೆ?

ಈಗ ಆ ಮೂರು ದಿನದ ಪತ್ರಿಕೆಯ ಗುಟ್ಟು ನಿಮಗೆ ತಿಳಿದಿರಬೇಕು. ಮೂರು ದಿನದಲ್ಲಿ ಯಾರು ಓದಿದರು, ಯಾರು ತಿದ್ದಿದರು? ಯಾರೂ ಇಲ್ಲ. ಈ ಗುರುತುಗಳನ್ನು ನೆನಪಿಡಿ:

1. ತಾವಾಗಿಯೇ ಸಂದೇಶ ಕಳುಹಿಸಿ ಲೇಖನ ಕೇಳುತ್ತಾರೆ, ಹೊಗಳುತ್ತಾರೆ, ಅವಸರ ಮಾಡುತ್ತಾರೆ.
2. ಲೇಖನ ಒಪ್ಪುವುದು ಖಂಡಿತವೆಂದು ಮೊದಲೇ ಮಾತು ಕೊಡುತ್ತಾರೆ.
3. ಒಂದೇ ಪತ್ರಿಕೆಯಲ್ಲಿ ರೇಷ್ಮೆ, ವ್ಯಾಕರಣ, ಹೃದಯರೋಗ ಎಲ್ಲವೂ ಇರುತ್ತದೆ.
4. ಐ.ಎಸ್.ಎಸ್.ಎನ್. ಸಂಖ್ಯೆ ತೋರಿಸಿ ನಂಬಿಸುತ್ತಾರೆ. ಆ ಎಂಟಂಕಿ ಪತ್ರಿಕೆಯನ್ನು ಗುರುತಿಸಲು ಮಾತ್ರ, ಗುಣಕ್ಕೆ ಸಾಕ್ಷಿಯಲ್ಲ.
5. ಹೆಸರಾಂತ ಪತ್ರಿಕೆಯ ಹೆಸರನ್ನೇ ಕದ್ದು ನಕಲಿ ಪುಟ ತೆರೆದಿರುತ್ತಾರೆ.

ಹಣ ಕೇಳುವ ಪತ್ರಿಕೆಗಳೆಲ್ಲ ಮೋಸದವಲ್ಲ. ಓದುಗರಿಗೆ ಬಿಟ್ಟಿಯಾಗಿ ಕೊಡುವ ಕೆಲವು ಒಳ್ಳೆಯ ಪತ್ರಿಕೆಗಳು ಲೇಖನ ಒಪ್ಪಿಗೆಯಾದ ಮೇಲೆ ಬರೆದವರಿಂದ ಶುಲ್ಕ ಪಡೆಯುವುದುಂಟು. ಏನೂ ಕೇಳದ ಒಳ್ಳೆಯ ಪತ್ರಿಕೆಗಳೂ ಬೇಕಾದಷ್ಟಿವೆ. ಮೊದಲು ಒಪ್ಪತಕ್ಕ ಪತ್ರಿಕೆಗಳ ಪಟ್ಟಿಯೊಂದನ್ನು ಯು.ಜಿ.ಸಿ. ಇಟ್ಟಿತ್ತು. 2025ರಲ್ಲಿ ಆ ಪಟ್ಟಿಯನ್ನು ಕೈಬಿಟ್ಟಿದೆ. ಹಾಗಾಗಿ ಈಗ ಎಚ್ಚರಿಕೆ ಇನ್ನೂ ಹೆಚ್ಚು ಬೇಕು. ಗೈಡ್ ಅವರನ್ನು ಕೇಳದೆ, ಲೈಬ್ರರಿಯವರಿಗೆ ತೋರಿಸದೆ, ಒಂದು ರೂಪಾಯಿಯೂ ಕಳುಹಿಸಬಾರದು.

ಇನ್ನೊಂದು ಮಾತು. ಮಹಾಪ್ರಬಂಧ ಸಲ್ಲಿಸುವ ಮೊದಲು ಲೇಖನ ಪ್ರಕಟವಾಗಿಯೇ ಇರಬೇಕೆಂಬ ಕಟ್ಟುಪಾಡನ್ನು ಯು.ಜಿ.ಸಿ. ತನ್ನ 2022ರ ನಿಯಮದಲ್ಲಿ ತೆಗೆದಿದೆ. ಕೆಲವು ವಿಶ್ವವಿದ್ಯಾಲಯಗಳು ತಮ್ಮದೇ ನಿಯಮ ಇಟ್ಟುಕೊಂಡಿರಬಹುದು, ಅದನ್ನು ಕೇಳಿ ತಿಳಿಯಬೇಕು. ಒಳ್ಳೆಯ ಲೇಖನ ಮುಂದೆ ಕೆಲಸಕ್ಕೆ ಅನುಕೂಲವೇ. ಆದರೆ ಹೆದರಿ ಓಡಿಹೋಗಿ ದುಡ್ಡು ಕಟ್ಟುವ ಅಗತ್ಯವಿಲ್ಲ.

ಎರವಲು ತಂದದ್ದನ್ನು ಹೇಳಿಬಿಡಬೇಕು

ಪಕ್ಕದ ಮನೆಯಿಂದ ಸಕ್ಕರೆ ತಂದರೆ ತಂದೆವೆಂದು ಹೇಳುತ್ತೇವಲ್ಲವೇ? ಬರಹದಲ್ಲೂ ಅಷ್ಟೇ. ಕೋಲಾರ ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ ಅವರು 'ಎಪಿಗ್ರಾಫಿಯಾ ಕರ್ನಾಟಿಕಾ'ದ 10ನೇ ಸಂಪುಟವಾಗಿ 1905ರಲ್ಲಿ ಪ್ರಕಟಿಸಿದರು. ಇಂದು ಯಾರಾದರೂ ಅಲ್ಲಿಂದ ಒಂದು ಶಾಸನ ಬಳಸಿದರೆ ಸಂಪುಟ, ವರ್ಷ, ಶಾಸನದ ಸಂಖ್ಯೆ ಎಲ್ಲ ಹೇಳಬೇಕು. ಹೇಳದೆ ಬರೆದರೆ ಕೃತಿಚೌರ್ಯ. 2018ರ ನಿಯಮದ ಪ್ರಕಾರ ಬೇರೆ ಬರಹಗಳೊಂದಿಗೆ ಹೋಲಿಕೆ ನೂರಕ್ಕೆ 10ರವರೆಗೆ ಇದ್ದರೆ ದಂಡನೆಯಿಲ್ಲ. 10ರಿಂದ 40ರವರೆಗಿದ್ದರೆ ಆರು ತಿಂಗಳೊಳಗೆ ತಿದ್ದಿ ಸಲ್ಲಿಸಬೇಕು. 40 ದಾಟಿ 60ರವರೆಗಿದ್ದರೆ ಒಂದು ವರ್ಷ ಸಲ್ಲಿಸುವಂತಿಲ್ಲ. 60 ದಾಟಿದರೆ ನೋಂದಣಿಯೇ ರದ್ದು!

ಇದಕ್ಕೆ ಸುಲಭ ಉಪಾಯ: ಒಂದು ದಪ್ಪ ನೋಟ್‌ಬುಕ್. ಓದಿದ್ದರ ಲೇಖಕರ ಹೆಸರು, ವರ್ಷ, ಪುಟ, ಎಲ್ಲವನ್ನೂ ಅಂದಂದೇ ಬರೆದಿಡಬೇಕು. ಈಗಿನ ಕಂಪ್ಯೂಟರುಗಳು ಕೇಳಿದ ಕೂಡಲೇ ಪುಟಗಟ್ಟಲೆ ಬರೆದುಕೊಡುತ್ತವೆ, ಆದರೆ ಇಲ್ಲದ ಪುಸ್ತಕದ ಹೆಸರನ್ನೂ ಹೇಳಿಬಿಡುತ್ತವೆ. ಕಣ್ಣಾರೆ ನೋಡದ ಪುಸ್ತಕವನ್ನು ಹೆಸರಿಸಬಾರದು.

ಹೆಣ್ಣುಮಕ್ಕಳಿಗಿರುವ ಅನುಕೂಲಗಳು

ಇದನ್ನು ಕತ್ತರಿಸಿ ಇಟ್ಟುಕೊಳ್ಳಿ. 2022ರ ನಿಯಮದಂತೆ ಪಿಎಚ್.ಡಿ.ಗೆ ಕನಿಷ್ಠ ಮೂರು ವರ್ಷ, ಹೆಚ್ಚೆಂದರೆ ಆರು ವರ್ಷ. ಮರುನೋಂದಣಿಯಿಂದ ಇನ್ನೆರಡು ವರ್ಷ ಸಿಗಬಹುದು. ಮಹಿಳೆಯರಿಗೆ ಅದರ ಮೇಲೆ ಮತ್ತೆರಡು, ಒಟ್ಟು ಹತ್ತು ವರ್ಷದವರೆಗೆ ಅವಕಾಶವುಂಟು. ಹೆರಿಗೆ ಮತ್ತು ಮಗುವಿನ ಆರೈಕೆಗಾಗಿ 240 ದಿನಗಳವರೆಗೆ ರಜೆ ಪಡೆಯಬಹುದು. ಮದುವೆಯಾಗಿ ಬೇರೆ ಊರಿಗೆ ಹೋಗಬೇಕಾದರೆ, ನಿಯಮಕ್ಕೆ ಒಳಪಟ್ಟು, ತನ್ನ ಸಂಶೋಧನೆಯನ್ನು ಅಲ್ಲಿನ ಸಂಸ್ಥೆಗೆ ವರ್ಗಾಯಿಸಿಕೊಳ್ಳಬಹುದು. "ಮದುವೆಯಾಯ್ತು, ಇನ್ನೇನು ಬಿಟ್ಟುಬಿಡು" ಎನ್ನುವ ಮೊದಲು ಈ ಮಾತು ನೆನಪಿರಲಿ.

ಮನೆಯವರು ಮಾಡಬಹುದಾದದ್ದು

ದಿನಕ್ಕೆ ಎರಡು ಗಂಟೆ ಅವಳಿಗೇ ಬಿಡಿ. ಹಬ್ಬವಿರಲಿ, ನೆಂಟರಿರಲಿ, ಆ ಎರಡು ಗಂಟೆ ಅವಳದು. ಬರಹ ದಿನಾ ಒಂದು ಪುಟದಂತೆ ಬೆಳೆಯಬೇಕೇ ಹೊರತು ಕೊನೆಯ ತಿಂಗಳಲ್ಲಿ ಒಟ್ಟಿಗೆ ಆಗುವುದಿಲ್ಲ. ವಾರಕ್ಕೊಮ್ಮೆ "ಏನು ಬರೆದೆ, ಓದಿ ಹೇಳಮ್ಮಾ" ಎಂದು ಕೇಳಿ. ನಿಮಗೆ ಅರ್ಥವಾಗದ ಕಡೆ "ಇದು ತಿಳೀಲಿಲ್ಲ" ಎನ್ನಿ. ಸಾಮಾನ್ಯವಾಗಿ ತಿದ್ದಬೇಕಾದ ಜಾಗ ಅದೇ ಆಗಿರುತ್ತದೆ.

ಕಮಲಾ ಸೊಹೊನಿ ಎಂಬಾಕೆ 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಸೇರಬಯಸಿದಾಗ, ಹೆಂಗಸೆಂಬ ಕಾರಣಕ್ಕೆ ನಿರ್ದೇಶಕರಾಗಿದ್ದ ಸಿ.ವಿ. ರಾಮನ್ ಮೊದಲು ಒಪ್ಪಲಿಲ್ಲ. ಆಕೆ ಹಟ ಬಿಡದಿದ್ದಾಗ ಷರತ್ತು ಹಾಕಿ ಸೇರಿಸಿಕೊಂಡರು. ಎಂ. ಶ್ರೀನಿವಾಸಯ್ಯನವರ ಕೈಕೆಳಗೆ ಆಕೆ ಅಲ್ಲಿ ಪರೀಕ್ಷಿಸಿದ್ದು ಏನನ್ನು ಗೊತ್ತೇ? ನಮ್ಮ ಅಡುಗೆಮನೆಯ ಹಾಲು, ಬೇಳೆಕಾಳುಗಳ ಪ್ರೋಟೀನನ್ನು! ಮುಂದೆ ಕೇಂಬ್ರಿಜ್‌ನಲ್ಲಿ 1939ರಲ್ಲಿ ಪಿಎಚ್.ಡಿ. ಪಡೆದರು. ಅವರ ಮಹಾಪ್ರಬಂಧ ಬರೀ 40 ಪುಟ. ಪುಟ ಹೆಚ್ಚಿದ್ದರೆ ಓದು ದೊಡ್ಡದೆಂದಲ್ಲ, ಹೇಳಿದ್ದು ಸತ್ಯವಾಗಿದ್ದರೆ ಸಾಕು.

ನಮ್ಮ ವೇಮಗಲ್ಲಿನ ಸೊಸೆ ಏನಾದಳು ಎಂದು ಕೇಳುತ್ತೀರಾ? ಮುಂದಿನ ಬೆಳೆಗೆ ಮತ್ತೆ ಊರೂರಿಗೆ ಹೊರಟಳು. ಈ ಸಲ ಜೊತೆಯಲ್ಲಿ ಅತ್ತೆಯೂ ಹೋದರು. ಸೊಸೆಯೆದುರು ಸಂಕೋಚಪಡುತ್ತಿದ್ದ ಹೆಂಗಸರು ಅತ್ತೆಯ ಮುಂದೆ ನಿದ್ದೆಯ ಲೆಕ್ಕ, ಸೊಂಟನೋವಿನ ಲೆಕ್ಕ ಎಲ್ಲ ಬಿಚ್ಚಿ ಹೇಳಿದರಂತೆ. ಹೊಸ ಲೇಖನ ಒಳ್ಳೆಯ ಪತ್ರಿಕೆಯೊಂದಕ್ಕೆ ಹೋಗಿ, ತಿದ್ದುಪಡಿ ಕೇಳಿಕೊಂಡು ಹಿಂದಿರುಗಿತು. ತಿದ್ದಿ ಮತ್ತೆ ಕಳುಹಿಸಿದ್ದಾಳೆ. ಉತ್ತರ ಇನ್ನೂ ಬರಬೇಕು.

ಮೊನ್ನೆ ಡೇರಿಯ ಮುಂದೆ ಯಾರೋ, "ಇನ್ನೂ ಎಷ್ಟು ವರ್ಷ ಓದ್ತಾಳ್ರೀ?" ಎಂದು ಕೇಳಿದರಂತೆ. ಅತ್ತೆಯ ಉತ್ತರ: "ಓದೋದು ಮುಗೀತು ಕಣಮ್ಮಾ. ಈಗ ಅವಳು ಬರೀತಿದ್ದಾಳೆ, ಬೇರೆಯವರು ಓದ್ಲಿ ಅಂತ."